ಹೊಟ್ಟೆ ಕರಗಿಸುವುದು ಯಾರಿಗಾಗಿ?

ಕನ್ನಡದಲ್ಲಿ ಹೊಟ್ಟೆಯ ಸುತ್ತ ಎಷ್ಟು ಮಾತುಗಳು ಹುಟ್ಟಿಕೊಂಡಿವೆ! ಜೀವನೋಪಾಯಕ್ಕೆ ಹೊಟ್ಟೆಪಾಡು ಎನ್ನುತ್ತೇವೆ. ಪರರ ಏಳಿಗೆ ಕಂಡು ಕುದಿಯುವುದು ಹೊಟ್ಟೆಕಿಚ್ಚು. ತಿನ್ನುವುದರಲ್ಲಿ ಮಿತಿಯರಿಯದವನು ಹೊಟ್ಟೆಬಾಕ. ಮನುಷ್ಯನ ಅಗತ್ಯ, ಆಸೆ, ಅಸೂಯೆ ಎಲ್ಲವೂ ಹೊಟ್ಟೆಯಲ್ಲೇ ನೆಲೆಸಿವೆ ಎಂದು ನಮ್ಮ ಹಿರಿಯರು ಬಗೆದಂತಿದೆ. ಈಗ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಅದು ಹೊಟ್ಟೆ ಕರಗಿಸುವ ಹಂಬಲ.

ನಲ್ವತ್ತು ದಾಟಿದ ಗೃಹಸ್ಥನಿಗೆ ವೈದ್ಯರು ಹೊಟ್ಟೆ ಇಳಿಸಬೇಕೆಂದು ಹೇಳುತ್ತಾರೆ. ಅವನು ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲಲ್ಲೇ ಬಿಟ್ಟು ಬರುತ್ತಾನೆ. ಅದೇ ಮನೆಯ ಇಪ್ಪತ್ತರ ಮಗನಿಗೆ ಹೊಟ್ಟೆಯ ಮೇಲೆ ಆರು ಗೆರೆ ಮೂಡಬೇಕು, ‘ಸಿಕ್ಸ್ ಪ್ಯಾಕ್’ ಕಾಣಬೇಕು. ಅದಕ್ಕಾಗಿ ಅವನು ಬೆಳಿಗ್ಗೆ ಜಿಮ್ಮಿಗೆ ಓಡುತ್ತಾನೆ, ತಾಯಿ ಬಡಿಸಿದ ಅನ್ನವನ್ನು ಪಕ್ಕಕ್ಕೆ ಸರಿಸುತ್ತಾನೆ. ಇಬ್ಬರೂ ಒಂದೇ ದಸ್ತರ್‌ಖಾನಿನ ಎದುರು ಕುಳಿತಿರುತ್ತಾರೆ. ಒಬ್ಬನಿಗೆ ಹೊಟ್ಟೆಯ ಚಿಂತೆಯೇ ಇಲ್ಲ. ಇನ್ನೊಬ್ಬನಿಗೆ ಹೊಟ್ಟೆಯದ್ದು ಬಿಟ್ಟು ಬೇರೆ ಚಿಂತೆಯಿಲ್ಲ. ಇಸ್ಲಾಮಿಗೆ ಈ ಇಬ್ಬರಿಗೂ ಹೇಳುವ ಮಾತಿದೆ. ಅದು ಒಂದೇ ಮಾತು: ಈ ದೇಹ ನಿನ್ನದಲ್ಲ, ನಿನ್ನ ಕೈಗೆ ಒಪ್ಪಿಸಲಾದ ಅಮಾನತ್ತು.

ತುಂಬಬಾರದ ಪಾತ್ರೆ

ಪವಿತ್ರ ಕುರ್‌ಆನಿನ ಅಲ್ ಅಅರಾಫ್ ಅಧ್ಯಾಯದ 31ನೆಯ ಸೂಕ್ತವು ಉಣ್ಣಲು ಮತ್ತು ಕುಡಿಯಲು ಅನುಮತಿ ಕೊಡುತ್ತದೆ, ಜೊತೆಯಲ್ಲೇ ಮಿತಿ ಮೀರುವುದನ್ನು ತಡೆಯುತ್ತದೆ. ಮಿತಿ ಮೀರುವವರನ್ನು ಅಲ್ಲಾಹನು ಮೆಚ್ಚುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಅನುಮತಿ ಮತ್ತು ಎಚ್ಚರಿಕೆ ಒಂದೇ ಸೂಕ್ತದಲ್ಲಿ ಅಕ್ಕಪಕ್ಕದಲ್ಲಿರುವುದನ್ನು ಗಮನಿಸಿ. ಹಲಾಲ್ ಆದ ಆಹಾರವನ್ನು ತನ್ನ ಮೇಲೆ ತಾನೇ ನಿಷೇಧಿಸಿಕೊಳ್ಳುವ ಸನ್ಯಾಸವನ್ನು ನಮ್ಮ ಧರ್ಮ ಕಲಿಸುವುದಿಲ್ಲ. ಹಲಾಲ್ ಎಂಬ ಒಂದೇ ಕಾರಣಕ್ಕೆ ಎಷ್ಟಾದರೂ ತಿನ್ನಬಹುದೆಂದೂ ಹೇಳುವುದಿಲ್ಲ. ನಾವು ಮಾಂಸ ಹಲಾಲೇ ಎಂದು ಅಂಗಡಿಯವನನ್ನು ಮೂರು ಸಲ ಕೇಳುತ್ತೇವೆ. ತಿಂದದ್ದು ಅತಿಯಾಯಿತೇ ಎಂದು ನಮ್ಮನ್ನು ನಾವು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ.

ಹಝ್ರತ್ ಮಿಕ್ದಾಮ್ ಬಿನ್ ಮಅದೀ ಕರಿಬ್(ರ) ವರದಿ ಮಾಡಿದ, ತಿರ್ಮಿದಿಯಲ್ಲಿರುವ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಮನುಷ್ಯನು ತುಂಬುವ ಪಾತ್ರೆಗಳಲ್ಲಿ ಹೊಟ್ಟೆಗಿಂತ ಕೆಟ್ಟದ್ದಿಲ್ಲವೆಂದೂ, ಬೆನ್ನನ್ನು ನೇರವಾಗಿ ನಿಲ್ಲಿಸುವಷ್ಟು ಕೆಲವು ತುತ್ತುಗಳೇ ಅವನಿಗೆ ಸಾಕೆಂದೂ ಪ್ರವಾದಿವರ್ಯರು(ಸ) ತಿಳಿಸಿದರು. ಅಷ್ಟಕ್ಕೆ ನಿಲ್ಲಲಾಗದವನು ಹೊಟ್ಟೆಯ ಮೂರರಲ್ಲೊಂದು ಪಾಲನ್ನು ಆಹಾರಕ್ಕೆ, ಒಂದು ಪಾಲನ್ನು ನೀರಿಗೆ, ಒಂದು ಪಾಲನ್ನು ಉಸಿರಿಗೆ ಬಿಡಬೇಕೆಂದು ಕಲಿಸಿದರು. ಮೂರನೆಯ ಒಂದು ಪಾಲೆಂಬುದು ಆದರ್ಶವಲ್ಲ, ಅದು ಕೊನೆಯ ಗಡಿ. ಆದರ್ಶವಿರುವುದು ಆ ಕೆಲವು ತುತ್ತುಗಳಲ್ಲಿ. ನಾವು ಗಡಿಯನ್ನೇ ಆದರ್ಶವೆಂದು ಭಾವಿಸಿ, ಅದನ್ನೂ ದಾಟಿ, ಉಸಿರಿನ ಪಾಲಿಗೆ ಫಿರ್ನಿಯನ್ನು ತುಂಬುತ್ತೇವೆ.

ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಹೊಟ್ಟೆಯ ಆಸೆ ಮತ್ತು ಕಾಮದ ಆಸೆ ಎರಡನ್ನೂ ಮುರಿಯುವುದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟರು. ಹೃದಯದ ಶುದ್ಧಿಯನ್ನು ಕುರಿತು ಬರೆಯಲು ಕುಳಿತ ವಿದ್ವಾಂಸನಿಗೆ ಹೊಟ್ಟೆಯ ವಿಷಯ ಏಕೆ ಬೇಕಾಯಿತು? ಹೊಟ್ಟೆಗೆ ‘ಸಾಕು’ ಎಂದು ಹೇಳಲಾಗದವನು ನಾಲಗೆಗೆ, ಕಣ್ಣಿಗೆ, ಕೈಗೆ ಸಾಕು ಎಂದು ಹೇಳುವುದು ಕಷ್ಟ. ಆದ್ದರಿಂದಲೇ ಆತ್ಮಸಂಯಮದ ಮೊದಲ ಪಾಠ ತಟ್ಟೆಯ ಮುಂದೆ ಆರಂಭವಾಗುತ್ತದೆ.

ಒಳಗೆ ಅಡಗಿರುವ ಬೊಜ್ಜು

ಹೊಟ್ಟೆಯ ಬೊಜ್ಜು ಎರಡು ಬಗೆಯದು. ಚರ್ಮದ ಕೆಳಗೆ ಇರುವುದು, ನಾವು ಬೆರಳಲ್ಲಿ ಹಿಡಿಯಬಹುದಾದದ್ದು ಒಂದು. ಅದಕ್ಕಿಂತ ಒಳಗೆ, ಪಿತ್ತಜನಕಾಂಗ ಮತ್ತು ಕರುಳುಗಳ ಸುತ್ತ ಶೇಖರವಾಗುವುದು ಇನ್ನೊಂದು. ಈ ಎರಡನೆಯದೇ ಹೆಚ್ಚು ಅಪಾಯಕಾರಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಅದು ತಡೆಯೊಡ್ಡುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯರೋಗ ಇವುಗಳಿಗೆ ದಾರಿ ಮಾಡಿಕೊಡುತ್ತದೆ.

ನಮ್ಮ ದೇಶದವರಿಗೆ ಈ ಅಪಾಯ ಇನ್ನೂ ಹತ್ತಿರದ್ದು. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರ ಮತ್ತು ತೂಕವನ್ನು ಹೋಲಿಸುವ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2 ಇತ್ತು! ನೋಡಲು ತೆಳ್ಳಗಿರುವ ಭಾರತೀಯನ ಒಳಗೂ ಕೊಬ್ಬು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟನ್ನು ನಾವು ಪ್ರತಿ ಮದುವೆಮನೆಯಲ್ಲೂ ಕಾಣುತ್ತೇವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಅಂದರೆ ಒಂದು ಸಫ್ಫಿನಲ್ಲಿ ಹತ್ತು ಮಂದಿ ನಿಂತರೆ ಅವರಲ್ಲಿ ನಾಲ್ವರ ಮಾತು ಇದು.

ತಿಳಿದುಕೊಳ್ಳಲು ಯಂತ್ರ ಬೇಕಿಲ್ಲ, ದರ್ಜಿಯ ಅಳತೆ ಪಟ್ಟಿ ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಇವೆರಡರ ನಡುವೆ, ಉಸಿರು ಹೊರಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಎಂಬುದು ವೈದ್ಯರು ಗುರುತಿಸಿದ ಗಡಿ. ಅದನ್ನು ಮೀರಿದ್ದರೆ ಅದು ನಗೆಯ ವಿಷಯವಲ್ಲ. ‘ಇದು ಸುಖದ ಹೊಟ್ಟೆ’ ಎಂದು ತಟ್ಟಿಕೊಳ್ಳುವ ಗಂಡಸರೇ, ಆ ಸುಖದ ಬೆಲೆಯನ್ನು ನಾಳೆ ನಿಮ್ಮ ಹೆಂಡತಿ ಮಕ್ಕಳು ತೆರಬೇಕಾದೀತು ಎಂಬುದನ್ನು ಮರೆಯದಿರಿ.

ಆರು ಗೆರೆಗಳ ರಹಸ್ಯ

ಇನ್ನು ಯುವಕರ ಹಂಬಲದ ವಿಷಯಕ್ಕೆ ಬರೋಣ. 2007ರಲ್ಲಿ ‘ಓಂ ಶಾಂತಿ ಓಂ’, 2008ರಲ್ಲಿ ‘ಘಜಿನಿ’ ಎಂಬ ಹಿಂದಿ ಚಿತ್ರಗಳು ಬಂದವು. ಅವುಗಳ ನಾಯಕ ನಟರು ಹುರಿಗಟ್ಟಿದ ಹೊಟ್ಟೆಯನ್ನು ತೆರೆಯ ಮೇಲೆ ತೋರಿಸಿದ ಮೇಲೆ ‘ಸಿಕ್ಸ್ ಪ್ಯಾಕ್’ ಎಂಬ ಶಬ್ದ ನಮ್ಮ ಹಳ್ಳಿಗಳಿಗೂ ಬಂತು. ಈಗ ಮೊಬೈಲ್ ತೆರೆದರೆ ಮೂವತ್ತು ದಿನಗಳಲ್ಲಿ ಅದನ್ನು ಕೊಡಿಸುವವರು ಸಾಲಾಗಿ ನಿಂತಿದ್ದಾರೆ.

ನಿಜ ಸಂಗತಿಯೇನು? ಹೊಟ್ಟೆಯ ಮುಂಭಾಗದಲ್ಲಿ ಪಕ್ಕೆಲುಬಿನಿಂದ ಕೆಳಕ್ಕೆ ಇಳಿಯುವ ಉದ್ದನೆಯ ಸ್ನಾಯುವಿದೆ. ಅದನ್ನು ಅಡ್ಡಲಾಗಿ ಕೆಲವು ಗಟ್ಟಿ ನಾರಿನ ಪಟ್ಟಿಗಳು ಭಾಗ ಮಾಡುತ್ತವೆ, ನಡುವೆ ನೇರವಾಗಿ ಒಂದು ಪಟ್ಟಿ ಇಳಿಯುತ್ತದೆ. ಇದು ತಾಯಿಯ ಗರ್ಭದಲ್ಲೇ ಅಲ್ಲಾಹನು ರೂಪಿಸಿದ ರಚನೆ, ಜಿಮ್ಮಿನಲ್ಲಿ ತಯಾರಾದದ್ದಲ್ಲ. ಈ ಭಾಗಗಳು ಕೆಲವರಲ್ಲಿ ನಾಲ್ಕು, ಹಲವರಲ್ಲಿ ಆರು, ಇನ್ನು ಕೆಲವರಲ್ಲಿ ಎಂಟು. ಎಷ್ಟು ಶ್ರಮಪಟ್ಟರೂ ನಾಲ್ಕು ಆರಾಗುವುದಿಲ್ಲ. ಚರ್ಮದಡಿಯ ಕೊಬ್ಬು ತೆಳುವಾದಾಗ ಮಾತ್ರ ಅವು ಕಣ್ಣಿಗೆ ಕಾಣುತ್ತವೆ. ಪುರುಷರಲ್ಲಿ ದೇಹದ ಕೊಬ್ಬು ಸುಮಾರು ಶೇ. 10ರಿಂದ 12ಕ್ಕೆ ಇಳಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಆರೋಗ್ಯಕ್ಕೆ ಅಷ್ಟು ಇಳಿಯಬೇಕೆಂಬ ನಿಯಮವಿಲ್ಲ. ಸ್ತ್ರೀಯರ ದೇಹಕ್ಕಂತೂ ಸಹಜವಾಗಿಯೇ ಹೆಚ್ಚು ಕೊಬ್ಬು ಬೇಕು. ಅತಿಯಾಗಿ ಇಳಿಸಿಕೊಂಡರೆ ಮುಟ್ಟು ನಿಲ್ಲುವುದೂ ಮೂಳೆ ಸವೆಯುವುದೂ ಉಂಟು.

ಹೊಟ್ಟೆಗಷ್ಟೇ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬಷ್ಟೇ ಕರಗುತ್ತದೆ ಎಂಬುದೂ ತಪ್ಪು ಕಲ್ಪನೆ. 1971ರಲ್ಲಿ ಅಮೆರಿಕದಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಪರೀಕ್ಷಿಸಿದರು. ವರ್ಷಾನುಗಟ್ಟಲೆ ಬ್ಯಾಟು ಬೀಸಿದ ತೋಳಿನ ಸ್ನಾಯು ದಪ್ಪಗಾಗಿತ್ತು. ಚರ್ಮದಡಿಯ ಕೊಬ್ಬು ಮಾತ್ರ ಎರಡೂ ತೋಳುಗಳಲ್ಲಿ ಒಂದೇ ತೆರನಾಗಿತ್ತು! 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರು ವಾರ ಬರೇ ಹೊಟ್ಟೆಯ ವ್ಯಾಯಾಮ ಮಾಡಿದವರಿಗೆ ಹೊಟ್ಟೆಯ ಸ್ನಾಯುವಿನ ತಾಳಿಕೆ ಹೆಚ್ಚಿತು, ಹೊಟ್ಟೆಯ ಕೊಬ್ಬು ಇಳಿಯಲಿಲ್ಲ. ಕೊಬ್ಬು ಇಡೀ ದೇಹದ ಉಗ್ರಾಣ. ಯಾವ ಮೂಲೆಯಿಂದ ಮೊದಲು ಖಾಲಿ ಮಾಡಬೇಕೆಂಬುದನ್ನು ದೇಹವೇ ನಿರ್ಧರಿಸುತ್ತದೆ.

ಉಗ್ರಾಣದ ಲೆಕ್ಕವನ್ನೂ ತಿಳಿದಿರಿ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿಯಿದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೂ ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯದು. ಬರಬರುತ್ತ ಆ ವೇಗವೂ ತಗ್ಗುತ್ತದೆ. ಮೂವತ್ತು ದಿನಗಳ ಪವಾಡ ಎಲ್ಲಿಂದ ಬರಬೇಕು? ಸ್ವಲ್ಪವೇ ಆದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಆರಾಧನೆಗೆ ಹೇಳಿದ ಈ ಮಾತು ಆರೋಗ್ಯಕ್ಕೂ ಒಪ್ಪುತ್ತದೆ.

ದಸ್ತರ್‌ಖಾನಿನ ಸುಧಾರಣೆ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮದೇ. ಆದರೆ ಊಟ ಬಲ್ಲವನೆಂದರೆ ಹೆಚ್ಚು ಉಣ್ಣಬಲ್ಲವನು ಎಂದು ನಾವು ಅರ್ಥ ಮಾಡಿಕೊಂಡಂತಿದೆ.

ಮೊದಲು ಕಾಣದ ಸಕ್ಕರೆಯ ಮೇಲೆ ಕಣ್ಣಿಡಿ. ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ನಾಲ್ಕು ಚಹಾ ಕುಡಿದರೆ ಅದೇ 40 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 25 ಗ್ರಾಂ ಮೀರಬಾರದೆನ್ನುತ್ತದೆ. ಬಿಸ್ಕತ್ತು, ಶರಬತ್ತು, ಬಾಟಲಿ ಪಾನೀಯಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಎರಡನೆಯದು ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿಯಿದೆ. ಅದನ್ನು ಕರಗಿಸಲು ಅರ್ಧ ಗಂಟೆಯ ನಡಿಗೆ ಬೇಕು. ಬಾಣಲೆಗೆ ಸುರಿಯುವಾಗ ಅಳತೆಯಿಲ್ಲದ ಮನೆಯಲ್ಲಿ ಜಿಮ್ಮಿನ ಶುಲ್ಕ ಕಟ್ಟಿ ಏನು ಪ್ರಯೋಜನ?

ಮೂರನೆಯದು ತಟ್ಟೆಯ ಹಂಚಿಕೆ. ಅರ್ಧ ತಟ್ಟೆ ತರಕಾರಿ, ಸೊಪ್ಪು. ಕಾಲು ಭಾಗ ಬೇಳೆ, ಕಾಳು, ಮೀನು, ಮೊಟ್ಟೆ ಅಥವಾ ಮಾಂಸ. ಉಳಿದ ಕಾಲು ಭಾಗ ಅನ್ನ, ರೊಟ್ಟಿ ಅಥವಾ ಮುದ್ದೆ. ನಮ್ಮ ರಾಗಿ, ಜೋಳ, ಹುರುಳಿ, ಹೆಸರುಕಾಳು, ಬೂತಾಯಿ, ಬಂಗುಡೆ ಇವೆಲ್ಲ ಬಡವರ ಮನೆಗೂ ಎಟಕುವ ಒಳ್ಳೆಯ ಆಹಾರ. ಸ್ನಾಯು ಬೆಳೆಯಲು ಡಬ್ಬದ ಪುಡಿಯೇ ಬೇಕೆಂದು ನಂಬಿ ಸಾಲ ಮಾಡುವ ಯುವಕರಿದ್ದಾರೆ. ಮೈ ಬೆಳೆಸಲು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದು ಅದೇ ಮಾರ್ಗಸೂಚಿ ಸ್ಪಷ್ಟವಾಗಿ ಎಚ್ಚರಿಸಿದೆ.

ಇಲ್ಲೊಂದು ಶಿಷ್ಟಾಚಾರದ ಮಾತಿದೆ. ಪ್ರವಾದಿವರ್ಯರು(ಸ) ಎಂದೂ ಆಹಾರವನ್ನು ಹಳಿಯುತ್ತಿರಲಿಲ್ಲ. ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಆದ್ದರಿಂದ ಮಗನೇ, ನಿನಗೆ ಅನ್ನ ಕಡಿಮೆ ಬೇಕಿದ್ದರೆ ಕಡಿಮೆ ಬಡಿಸಿಕೋ. ‘ಇದರಲ್ಲಿ ಬರೇ ಕೊಬ್ಬು, ಇದನ್ನು ಯಾರು ತಿನ್ನುತ್ತಾರೆ’ ಎಂದು ತಾಯಿಯ ಶ್ರಮವನ್ನು ಹೀಗಳೆಯಬೇಡ. ಹೊಟ್ಟೆ ಕರಗಿಸುವ ಆತುರದಲ್ಲಿ ತಾಯಿಯ ಹೊಟ್ಟೆ ಉರಿಸಿದವನಿಗೆ ಯಾವ ಲಾಭ?

ಮದುವೆ ಔತಣಗಳಲ್ಲಿ ಬಿರಿಯಾನಿಯ ಮೇಲೆ ಬಿರಿಯಾನಿ ಸುರಿದು, ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಒತ್ತಾಯಿಸುವುದನ್ನು ನಾವು ಆತಿಥ್ಯವೆಂದು ತಿಳಿದಿದ್ದೇವೆ. ಸಕ್ಕರೆ ಕಾಯಿಲೆಯಿರುವ ನೆಂಟನ ಬಾಯಿಗೆ ಬಲವಂತವಾಗಿ ಸಿಹಿ ಇಡುವುದು ಪ್ರೀತಿಯಲ್ಲ. ಇಬ್ಬರ ಆಹಾರ ಮೂವರಿಗೆ ಸಾಕೆಂದು ಕಲಿಸಿದ ಪ್ರವಾದಿಯ(ಸ) ಸಮುದಾಯದಲ್ಲಿ ಮೂವರ ಆಹಾರ ಒಬ್ಬನ ತಟ್ಟೆಯಲ್ಲಿ ಬಿದ್ದಿರುತ್ತದೆ. ಅರ್ಧ ತಿಪ್ಪೆಗೆ ಹೋಗುತ್ತದೆ. ಅದೇ ಬೀದಿಯಲ್ಲಿ ಹಸಿದವನೊಬ್ಬ ಮಲಗಿರುತ್ತಾನೆ.

ರಮಝಾನಿನ ಕತೆ ಇನ್ನೂ ವಿಚಿತ್ರ. ಹೊಟ್ಟೆಗೆ ಕಡಿವಾಣ ಹಾಕಲೆಂದು ಬಂದ ತಿಂಗಳಲ್ಲೇ ಸಮೋಸ, ಬಜ್ಜಿ, ಶರಬತ್ತುಗಳ ರಾಶಿ ಬೀಳುತ್ತದೆ. ಹಗಲಿಡೀ ಉಳಿಸಿದ್ದನ್ನು ಮಗ್ರಿಬ್ ಮತ್ತು ಇಶಾ ನಡುವೆ ಬಡ್ಡಿ ಸಮೇತ ತೀರಿಸುತ್ತೇವೆ! ಖರ್ಜೂರ, ನೀರು, ಹಣ್ಣು, ಮೇಲೊಂದು ಬಟ್ಟಲು ಗಂಜಿ ಸಾಕು. ಉಳಿದ ತಿಂಗಳುಗಳಲ್ಲಿ ಸೋಮವಾರ, ಗುರುವಾರ ಅಥವಾ ಚಾಂದ್ರಮಾನದ 13, 14, 15ರ ಸುನ್ನತ್ ಉಪವಾಸಗಳಿವೆ. ಆದರೆ ಅವುಗಳನ್ನು ತೂಕ ಇಳಿಸುವ ಉಪಾಯವಾಗಿ ಮಾತ್ರ ಹಿಡಿಯಬೇಡಿ. ಅಲ್ಲಾಹನ ಸಂಪ್ರೀತಿಗಾಗಿ ಹಿಡಿದರೆ ದೇಹದ ಲಾಭ ತಾನಾಗಿ ಹಿಂದೆ ಬರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸವಿರಲಿ, ಪಥ್ಯವಿರಲಿ, ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಮೈ ಬಗ್ಗಿಸುವ ಮಾತು

‘ನಾವು ಐದು ಹೊತ್ತು ನಮಾಝ್ ಮಾಡುತ್ತೇವೆ, ಬೇರೆ ವ್ಯಾಯಾಮವೇಕೆ?’ ಎನ್ನುವವರಿದ್ದಾರೆ. ನಮಾಝ್ ಆರಾಧನೆ. ಅದರ ಗುರಿ ಅಲ್ಲಾಹನ ಸ್ಮರಣೆ. ರುಕೂಅ್, ಸುಜೂದ್‌ಗಳಿಂದ ಕೀಲುಗಳಿಗೆ ಒಂದಿಷ್ಟು ಚಲನೆ ಸಿಗುತ್ತದೆ ನಿಜ. ಆದರೆ ಅದನ್ನು ಕಸರತ್ತಿನ ಲೆಕ್ಕಕ್ಕೆ ಬರೆಯುವುದು ನಮಾಝಿಗೂ ನ್ಯಾಯವಲ್ಲ, ದೇಹಕ್ಕೂ ಸಾಲದು. ಹಾಂ, ಮಸೀದಿಗೆ ಬೈಕಿನಲ್ಲಿ ಹೋಗುವ ಬದಲು ನಡೆದು ಹೋಗಿ. ಹೆಜ್ಜೆ ಹೆಜ್ಜೆಗೂ ಪುಣ್ಯವುಂಟೆಂದು ಹದೀಸ್ ತಿಳಿಸುತ್ತದೆ, ಜೊತೆಗೆ ನಡಿಗೆಯೂ ಆಯಿತು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಮಾಡಬೇಕೆಂದೂ, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಫಜ್ರ್ ನಂತರ ದಿನಕ್ಕೆ ಅರ್ಧ ಗಂಟೆ, ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ವೇಗದಲ್ಲಿ ನಡೆದರೆ ಮೊದಲ ಪಾಲು ಮುಗಿಯಿತು. ಎರಡನೆಯ ಪಾಲಿಗೆ ಗರಡಿಮನೆಯವರ ದಂಡ, ಬಸ್ಕಿಗಳೇ ಇವೆ. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ನಿಲ್ಲಿಸಿ, ಇಪ್ಪತ್ತು ಸೆಕೆಂಡಿನಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು ಹೊಟ್ಟೆಯ ಸ್ನಾಯುವಿಗೆ ಒಳ್ಳೆಯದು. ಮಂಡಿ ನೋವು, ಬೆನ್ನು ನೋವು, ಹೃದಯದ ತೊಂದರೆಯಿರುವವರು ವೈದ್ಯರ ಸಲಹೆ ಪಡೆಯಲಿ. ತೂಕದಲ್ಲಿ ಶೇ. 5ರಿಂದ 10 ಇಳಿದರೂ ಸಕ್ಕರೆ, ರಕ್ತದೊತ್ತಡಗಳಲ್ಲಿ ಸುಧಾರಣೆ ಕಾಣುತ್ತದೆ. 80 ಕಿಲೋ ತೂಗುವವನಿಗೆ ಅದು ನಾಲ್ಕರಿಂದ ಎಂಟು ಕಿಲೋ. ಗೆರೆ ಮೂಡದಿದ್ದರೂ ಜೀವ ಉಳಿಯುತ್ತದೆ.

ಈಗ ಮನೆಯ ಯಜಮಾನರಿಗೆ ಒಂದು ಪ್ರಶ್ನೆ. ಮಗ ಜಿಮ್ಮಿಗೆ ಹೋಗುತ್ತಾನೆ, ನೀವು ಮೈದಾನಕ್ಕೆ ಹೋಗುತ್ತೀರಿ. ನಿಮ್ಮ ಪತ್ನಿ ಎಲ್ಲಿಗೆ ಹೋಗುತ್ತಾರೆ? ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದ ಅನ್ನವನ್ನೂ ಮಕ್ಕಳು ಬಿಟ್ಟದ್ದನ್ನೂ ‘ಹಾಳಾಗಬಾರದು’ ಎಂದು ತಿನ್ನುವ, ಅಡುಗೆಮನೆಯಿಂದ ಹಜಾರಕ್ಕೆ ಮಾತ್ರ ನಡೆಯುವ ಆ ತಾಯಿಗೆ ಮಂಡಿ ನೋವು, ಸಕ್ಕರೆ ಬಂದಾಗ ನಾವು ವಿಧಿಯೆನ್ನುತ್ತೇವೆ. ಅಬೂದಾವೂದ್‌ನಲ್ಲಿರುವ ವರದಿಯನ್ನು ನೆನೆಯಿರಿ. ಪ್ರಯಾಣವೊಂದರಲ್ಲಿ ಪ್ರವಾದಿವರ್ಯರು(ಸ) ಮತ್ತು ಹಝ್ರತ್ ಆಯಿಶಾ(ರ) ಓಟದ ಪಂದ್ಯ ಕಟ್ಟಿದರು. ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಾಗ ಮತ್ತೊಮ್ಮೆ ಓಡಿದರು. ಈ ಸಲ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಸಮವಾಯಿತೆಂದು ವಿನೋದ ಮಾಡಿದರು. ಪತ್ನಿಯ ಮೈ ತುಂಬಿಕೊಂಡದ್ದನ್ನು ಹೀಯಾಳಿಸಲಿಲ್ಲ, ಆಕೆಯೊಂದಿಗೆ ಮತ್ತೆ ಓಡಿದರು! ಪತ್ನಿಯ ದೇಹವನ್ನು ಪರರ ಮನೆಯ ಹೆಣ್ಣಿನ ದೇಹಕ್ಕೆ ಹೋಲಿಸುವ ಗಂಡಸರು ಈ ಸುನ್ನತ್ತನ್ನು ಏಕೆ ಮರೆತರು? ಆಕೆಗೆ ಅರ್ಧ ಗಂಟೆ ಬಿಡುವು ಮಾಡಿಕೊಡಿ, ಮಗುವನ್ನು ನೀವು ಎತ್ತಿಕೊಳ್ಳಿ, ಜೊತೆಯಲ್ಲಿ ನಡೆಯಿರಿ. ಹೆರಿಗೆಯ ನಂತರ ಹೊಟ್ಟೆಯ ಎಡಬಲದ ಸ್ನಾಯುಗಳ ನಡುವೆ ಅಂತರ ಉಳಿದುಕೊಳ್ಳುವುದುಂಟು. ಆ ಹೊಟ್ಟೆ ಸೋಮಾರಿತನದ ಗುರುತಲ್ಲ, ನಿಮ್ಮ ಮಕ್ಕಳನ್ನು ಹೊತ್ತ ಗುರುತು.

ಗೆರೆಯೋ ಮಣ್ಣೋ?

‘ಉಸ್ತಾದರೇ, ಸಿಕ್ಸ್ ಪ್ಯಾಕ್ ಮಾಡುವುದು ಹರಾಮೇ?’ ಎಂದು ಯುವಕರು ಕೇಳುವುದುಂಟು. ಮೈಯನ್ನು ಬಲಪಡಿಸುವುದು ಹರಾಮಲ್ಲ. ಬಲಿಷ್ಠ ವಿಶ್ವಾಸಿಯು ದುರ್ಬಲ ವಿಶ್ವಾಸಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಇಬ್ಬರಲ್ಲೂ ಒಳಿತಿದೆಯೆಂದೂ ಮುಸ್ಲಿಮ್ ಗ್ರಂಥದ ಹದೀಸಿನಲ್ಲಿದೆ. ಅಲ್ ಬಕರ ಅಧ್ಯಾಯದ 247ನೆಯ ಸೂಕ್ತದಲ್ಲಿ ತಾಲೂತರನ್ನು ಅರಸನಾಗಿ ಆರಿಸಿದ ಪ್ರಸ್ತಾಪವಿದೆ. ಅಲ್ಲಾಹನು ಅವರಿಗೆ ಜ್ಞಾನವನ್ನೂ ಶರೀರಬಲವನ್ನೂ ಹೇರಳವಾಗಿ ಕೊಟ್ಟಿದ್ದನೆಂದು ಅಲ್ಲಿ ಹೇಳಲಾಗಿದೆ. ಜ್ಞಾನ ಮೊದಲು, ಶರೀರ ಅನಂತರ. ನಮ್ಮ ಯುವಕರ ದಿನಚರಿಯಲ್ಲಿ ಈ ಕ್ರಮ ತಲೆಕೆಳಗಾಗದಿರಲಿ.

ಕರ್ಮಗಳ ಫಲ ಸಂಕಲ್ಪವನ್ನು ಅವಲಂಬಿಸಿದೆ. ಒಂದೇ ದಂಡ, ಒಂದೇ ಬಸ್ಕಿ. ಒಬ್ಬನು ತಂದೆತಾಯಿಯ ಸೇವೆಗೆ, ದುಡಿಮೆಗೆ, ಆರಾಧನೆಗೆ ದೇಹ ಗಟ್ಟಿಯಾಗಿರಲೆಂದು ಮಾಡುತ್ತಾನೆ. ಅವನ ಬೆವರಿಗೂ ಪುಣ್ಯವಿದೆ. ಇನ್ನೊಬ್ಬನು ಅಂಗಿ ಬಿಚ್ಚಿ, ಕನ್ನಡಿಯ ಮುಂದೆ ಚಿತ್ರ ತೆಗೆದು, ಮೊಬೈಲಿನಲ್ಲಿ ಹಂಚಿ, ಎಷ್ಟು ಮಂದಿ ಮೆಚ್ಚಿದರೆಂದು ಗಳಿಗೆಗೊಮ್ಮೆ ನೋಡುತ್ತಾನೆ. ಅವನ ಕೂಲಿ ಆ ಮೆಚ್ಚುಗೆಯಲ್ಲೇ ಸಂದುಹೋಯಿತು. ಪುರುಷನ ಔರತ್ ಹೊಕ್ಕುಳಿನಿಂದ ಮಂಡಿಯವರೆಗೆ ಎಂದು ಬಹುಪಾಲು ವಿದ್ವಾಂಸರು ಹೇಳಿದ್ದಾರೆ. ಪ್ಯಾಂಟನ್ನು ಸೊಂಟದಿಂದ ಕೆಳಕ್ಕೆ ಜಾರಿಸಿ ಹೊಟ್ಟೆಯ ತಳದ ಗೆರೆಗಳನ್ನು ಜಗತ್ತಿಗೆ ತೋರಿಸುವಾಗ ನಾಚಿಕೆ ಎಲ್ಲಿ ಉಳಿಯಿತು?

ಪ್ರವಾದಿವರ್ಯರ(ಸ) ಎದೆ ಮತ್ತು ಹೊಟ್ಟೆ ಒಂದೇ ಸಮವಾಗಿದ್ದವೆಂದು ತಿರ್ಮಿದಿಯವರ ‘ಶಮಾಇಲ್’ ವರ್ಣಿಸುತ್ತದೆ. ಅದು ಯಾವ ಕನ್ನಡಿಯ ಮುಂದೆಯೂ ಆದದ್ದಲ್ಲ. ತಿಂಗಳುಗಟ್ಟಲೆ ಒಲೆ ಉರಿಯದೆ, ಖರ್ಜೂರ ಮತ್ತು ನೀರಿನಲ್ಲಿ ದಿನ ಕಳೆದ ಮನೆ ಅದು. ಹಿಜ್‌ರಿ 5ರಲ್ಲಿ ಮದೀನಾದ ರಕ್ಷಣೆಗೆ ಕಂದಕ ತೋಡುವಾಗ ಸಹಾಬಿಗಳ ಜೊತೆ ಅವರೂ ಮಣ್ಣು ಹೊತ್ತರು. ಆ ಮಣ್ಣು ಅವರ ಹೊಟ್ಟೆಯ ಬಿಳುಪನ್ನು ಮುಚ್ಚಿಬಿಟ್ಟಿತ್ತೆಂದು ಹಝ್ರತ್ ಬರಾ ಬಿನ್ ಆಝಿಬ್(ರ) ಕಣ್ಣಾರೆ ಕಂಡದ್ದನ್ನು ಬುಖಾರಿ ದಾಖಲಿಸಿದೆ. ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಂಡ ದಿನಗಳೂ ಅವೇ. ಸಮುದಾಯದ ಹೊರೆ ಹೊತ್ತು ಮಣ್ಣಾದ ಹೊಟ್ಟೆ ಅದು. ನಮ್ಮ ಹೊಟ್ಟೆಯ ಮೇಲೆ ಗೆರೆ ಮೂಡಿದರೂ, ಮೂಡದಿದ್ದರೂ, ಇಂಥ ಒಂದು ಹಿಡಿ ಮಣ್ಣು ಎಂದಾದರೂ ಬಿದ್ದಿದೆಯೇ?

ಆತುರದ ದಾರಿಗಳ ಬಗ್ಗೆಯೂ ಎಚ್ಚರಿಸಲೇಬೇಕು. ಮೈ ಹುರಿಗಟ್ಟಲು ತೆಗೆದುಕೊಳ್ಳುವ ಸ್ಟಿರಾಯ್ಡ್ ಚುಚ್ಚುಮದ್ದುಗಳು ಹೃದಯವನ್ನೂ ಪಿತ್ತಜನಕಾಂಗವನ್ನೂ ಕೆಡಿಸುತ್ತವೆ, ಸಂತಾನಶಕ್ತಿಯನ್ನು ಕುಗ್ಗಿಸುತ್ತವೆ. ಚಿತ್ರಕ್ಕಾಗಿ ನೀರು ಬಿಟ್ಟು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ಗೆರೆ ಎಬ್ಬಿಸುವುದು ಪ್ರಾಣಕ್ಕೇ ಅಪಾಯ. 1930ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಕೊಬ್ಬು ಕರಗಿಸುವ ಮದ್ದೆಂದು ಮಾರಾಟವಾಯಿತು. ಜನ ಕುರುಡಾದರು, ಸತ್ತರು. 1938ರಲ್ಲಿ ಅದು ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ಸರಕಾರ ಸಾರಬೇಕಾಯಿತು. ಅಂಥ ಪುಡಿಗಳನ್ನು ಕದ್ದು ಮಾರುವವರು ಇಂದಿಗೂ ಇದ್ದಾರೆ. ನಿಮ್ಮನ್ನು ನೀವೇ ವಿನಾಶಕ್ಕೆ ದೂಡಿಕೊಳ್ಳಬಾರದೆಂದು ಆಜ್ಞಾಪಿಸುವ ಸೂಕ್ತ ಅಲ್ ಬಕರ ಅಧ್ಯಾಯದಲ್ಲಿದೆ. ಅದು ಈ ಚುಚ್ಚುಮದ್ದಿಗೆ ಅನ್ವಯಿಸುವುದಿಲ್ಲವೇ?

ನಗುವವರಿಗೆ ಒಂದು ಮಾತು

ದಪ್ಪಗಿರುವವರನ್ನು ಕಂಡು ನಗುವುದು ನಮ್ಮ ಸಭೆಗಳಲ್ಲಿ ಸಾಮಾನ್ಯ. ಕೆಲವರ ಮೈಕಟ್ಟೇ ಹಾಗೆ. ಕೆಲವರಿಗೆ ಥೈರಾಯ್ಡ್ ಮುಂತಾದ ಕಾಯಿಲೆ, ಕೆಲವರಿಗೆ ಔಷಧಿಯ ಪರಿಣಾಮ. ಹಝ್ರತ್ ಆಯಿಶಾ(ರ) ಒಮ್ಮೆ ಹಝ್ರತ್ ಸಫಿಯ್ಯಾರ(ರ) ಗಿಡ್ಡತನವನ್ನು ಸೂಚಿಸಿ ಮಾತಾಡಿದರು. ಆ ಒಂದು ಮಾತನ್ನು ಕಡಲಿಗೆ ಬೆರೆಸಿದರೆ ಕಡಲೂ ಕೆಟ್ಟೀತೆಂದು ಪ್ರವಾದಿವರ್ಯರು(ಸ) ತಿದ್ದಿದರು. ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್‌ರ(ರ) ಸಣಕಲು ಕಾಲುಗಳನ್ನು ಕಂಡು ಸಂಗಡಿಗರು ನಕ್ಕಾಗ, ಅವು ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ತಿಳಿಸಿದರು. ದಪ್ಪವಿರಲಿ, ಸಣಕಲಿರಲಿ, ಅಲ್ಲಾಹನು ನೋಡುವುದು ಹೃದಯವನ್ನು ಮತ್ತು ಕರ್ಮವನ್ನು. ಆಪ್ತರ ಆರೋಗ್ಯದ ಕಾಳಜಿಯಿದ್ದರೆ ಏಕಾಂತದಲ್ಲಿ, ಮೃದುವಾಗಿ ಹೇಳಿ. ಅದಕ್ಕಿಂತಲೂ ಮಿಗಿಲಾಗಿ, ನಾಳೆ ಬೆಳಿಗ್ಗೆ ಅವರ ಬಾಗಿಲು ತಟ್ಟಿ ಜೊತೆಯಲ್ಲಿ ನಡೆಯಲು ಕರೆಯಿರಿ.

ಸಹೋದರ ಸಹೋದರಿಯರೇ, ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಬೋಧಿಸಿದರು. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ಆರಾಧನೆಯಲ್ಲೇ ದೇಹವನ್ನು ದಣಿಸುತ್ತಿದ್ದವರಿಗೆ ಹೇಳಿದ ಮಾತದು. ಹಾಗಿರುವಾಗ ತಿಂದು ದೇಹ ಕೆಡಿಸುವವನೂ, ತೋರಿಕೆಗಾಗಿ ದೇಹ ದಂಡಿಸುವವನೂ ಏನೆಂದು ಉತ್ತರಿಸಿಯಾರು? ಅನುಗ್ರಹಗಳ ಕುರಿತು ಆ ದಿನ ಖಂಡಿತ ಪ್ರಶ್ನಿಸಲಾಗುವುದೆಂದು ಅತ್ತಕಾಸುರ್ ಅಧ್ಯಾಯ ಎಚ್ಚರಿಸುತ್ತದೆ. ಉಂಡ ಅನ್ನವೂ ಅನುಗ್ರಹ, ನಡೆಯುವ ಕಾಲೂ ಅನುಗ್ರಹ.

ಇಂದು ರಾತ್ರಿಯ ಊಟದಿಂದಲೇ ಆರಂಭಿಸೋಣ. ಇನ್ನೂ ನಾಲ್ಕು ತುತ್ತಿಗೆ ಜಾಗವಿರುವಾಗಲೇ ಕೈ ತೊಳೆದು ಅಲ್ಹಮ್ದುಲಿಲ್ಲಾಹ್ ಹೇಳೋಣ. ಉಳಿದ ಆ ನಾಲ್ಕು ತುತ್ತನ್ನು ಹಸಿದವನಿಗೆ ಮುಟ್ಟಿಸೋಣ. ನಮ್ಮ ಹೊಟ್ಟೆ ಇಳಿಯುವುದೂ ಅವನ ಹೊಟ್ಟೆ ತುಂಬುವುದೂ ಒಂದೇ ಕಾರ್ಯದಲ್ಲಿ ನೆರವೇರಲಿ. ಅಲ್ಲಾಹನು ನಮಗೆ ಆರೋಗ್ಯವಂತ ದೇಹವನ್ನೂ, ಸಾಕೆನ್ನುವ ಮನಸ್ಸನ್ನೂ, ಶುದ್ಧ ಸಂಕಲ್ಪವನ್ನೂ ದಯಪಾಲಿಸಲಿ. ಆಮೀನ್.